ಖಾಲಿ ಕ್ಯಾನು ಹಿಡಿದು ನಡೆದ ದಿನಗಳು

ಹುಬ್ಬಳ್ಳಿಯ ಡಾಕ್ಟರು ರಕ್ತದ ಚೀಟಿ ನೋಡಿ, "ಸಕ್ರಿ ಬ್ಯಾನಿ ಬಾಗಲದಾಗ ಬಂದು ನಿಂತೈತ್ರಿ. ದಿನಾ ಒಂದ್ ತಾಸು ನಡೀರಿ, ಗುಳಿಗಿ ಮಾತು ಆಮ್ಯಾಲ" ಎಂದರು. ನನಗೆ ಆಗ ಐವತ್ತೆರಡು. ಹಾನಗಲ್ಲಿನಲ್ಲಿ ಅಪ್ಪನ ಕಾಲದ ಬಟ್ಟೆ ಅಂಗಡಿ. ಮುಂಜಾನೆ ಗಾದಿಯ ಮೇಲೆ ಕಾಲು ಮಡಿಚಿ ಕುಂತರೆ ಊಟಕ್ಕೆ ಏಳುವುದು. ಮೇಲಿನ ಹಲಗೆಯ ಬಟ್ಟೆಯ ಥಾನು ಬೇಕಾದರೆ "ಆ ಬಣ್ಣ ಮುಗಿದೈತ್ರಿ" ಎಂದು ಗಿರಾಕಿಗೆ ಹೇಳಿದ್ದೂ ಉಂಟು, ಏಳಬಾರದೆಂದು.

ಮೂರು ತಿಂಗಳು ನಾನು ನಡೆಯಲಿಲ್ಲ. ಶ್ರಾವಣ ಮುಗಿಯಲಿ ಅಂದೆ, ದೀಪಾವಳಿಯ ವ್ಯಾಪಾರ ಮುಗಿಯಲಿ ಅಂದೆ, ಆಮೇಲೆ ಚಳಿ ಅಂದೆ. ನಿಜವಾದ ಕಾರಣ ನಾಚಿಕೆ. ನಮ್ಮ ಓಣಿಯಲ್ಲಿ ಹೊರಗೆ ಕಾಲಿಟ್ಟವನನ್ನು "ಎತ್ತಾಗ ಹೊಂಟ್ರಿ?" ಎಂದು ಕೇಳದೆ ಯಾರೂ ಬಿಡುವುದಿಲ್ಲ. ಅದು ಒಂಥರಾ ನಮಸ್ಕಾರವೇ, ಆದರೂ ಉತ್ತರ ಕೊಡಲೇಬೇಕು. ಹೊಲಕ್ಕೆ, ಸಂತೆಗೆ, ಬಸ್ಸಿಗೆ, ಏನಾದರೊಂದು ಬೇಕು. ಎಲ್ಲಿಗೂ ಇಲ್ಲ, ಸುಮ್ಮನೆ ನಡೆದು ಬರುತ್ತೇನೆ ಎಂದು ನಮ್ಮ ಹಿರಿಯರಲ್ಲಿ ಒಬ್ಬರೂ ಹೇಳಿದ್ದನ್ನು ನಾನು ಕೇಳಿಲ್ಲ.

ಕಡೆಗೊಂದು ಮುಂಜಾನೆ ಹೊರಟೆ. ಓಣಿಯ ತಿರುವಿನಲ್ಲಿ ಹಿಟ್ಟಿನ ಗಿರಣಿಯವರು ಬಾಗಿಲು ತೆಗೆಯುತ್ತಿದ್ದರು. "ಎತ್ತಾಗ ಹೊಂಟ್ರಿ ಸಾವ್ಕಾರ್ರ, ಇಷ್ಟು ಲಗೂನ?" ಎಂದರು. "ಇಲ್ಲೇ..." ಎಂದವನು ಏನೋ ಮರೆತವನಂತೆ ಮನೆಗೆ ತಿರುಗಿದೆ.

ಮರುದಿನ ಒಂದು ಉಪಾಯ ಹೊಳೆಯಿತು. ಅಂಗಡಿಯಲ್ಲಿ ಬಿದ್ದಿದ್ದ ಹಳೆಯ ಸ್ಟೀಲಿನ ಹಾಲಿನ ಕ್ಯಾನನ್ನು ಕೈಯಲ್ಲಿ ಹಿಡಿದು ಹೊರಟೆ. "ಎತ್ತಾಗ?" ಅಂದರು. "ಹಾಲಿಗ್ರಿ" ಅಂದೆ. "ಹೂಂ" ಎಂದು ಗಿರಣಿಯವರು ಒಳಗೆ ಹೋದರು. ಅಷ್ಟೇ! ಕೆರೆಯ ದಂಡೆಯವರೆಗೆ ಹೋಗಿ, ತಿರುಗಿ ಬರುವಾಗ ಕ್ಯಾನು ತುಂಬಿದೆಯೆಂದು ಕಾಣಲಿ ಅಂತ ತೋಳು ಬಿಗಿಹಿಡಿದು ನಡೆದೆ. ಮನೆಯವಳ ಕಣ್ಣಿಗೆ ಬೀಳದಂತೆ ಅದನ್ನು ಹೊರಗಿನ ಕಟ್ಟೆಯ ಕೆಳಗೆ ಇಡುತ್ತಿದ್ದೆ. ಹೀಗೆ ಸುಮಾರು ಒಂದು ತಿಂಗಳು. ಮೊಣಕಾಲಿನ ಬಿಗಿತ ಸಡಿಲವಾಯಿತು, ಧೋತರದ ಗಂಟು ಒಂದು ಬೆರಳು ಒಳಗೆ ಸರಿಯಿತು. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

ನಮ್ಮ ಮನೆಗೆ ಮೊದಲಿನಿಂದಲೂ ಹಾಲು ಹಾಕುವವಳು ಕೆರೆಯ ದಾರಿಯಲ್ಲಿ ಮನೆಯಿರುವ ಒಬ್ಬ ಮುದುಕಿ. ನಾವೆಲ್ಲ ಅವಳನ್ನು ಯವ್ವಾ ಎಂದೇ ಕರೆಯುವುದು. ಎರಡು ಎಮ್ಮೆ, ಏಳೆಂಟು ಮನೆ, ಅದೇ ಅವಳ ಬದುಕು. ಹಾಲಿಗೆ ಹೊಸ ಮನೆ ಹಿಡಿಯುವಾಗ "ಸಾವ್ಕಾರ್ರ ಮನಿಗೂ ಇದ ಹಾಲು" ಎನ್ನುತ್ತಿದ್ದಳಂತೆ. ದಿನಾ ಅವಳ ಬಾಗಿಲ ಮುಂದೆಯೇ ನಾನು ಕ್ಯಾನು ಹಿಡಿದು ಹಾದುಹೋಗುತ್ತಿದ್ದೆ, ಆದರೆ ಅವಳಿಗೆ ಏನನ್ನಿಸೀತು ಎಂಬುದು ಒಂದು ದಿನವೂ ನನ್ನ ತಲೆಗೆ ಬರಲಿಲ್ಲ.

ಒಂದು ಮುಂಜಾನೆ ನಾನು ತಿರುಗಿ ಬರುವ ಹೊತ್ತಿಗೆ ಅವಳು ನಮ್ಮ ಬಾಗಿಲಲ್ಲಿ ನಿಂತಿದ್ದಳು. ಪಕ್ಕದಲ್ಲಿ ನನ್ನ ಹೆಂಡತಿ. ನನ್ನ ಕೈಯಲ್ಲಿ ಕ್ಯಾನು.

"ತಮ್ಮಾ, ನನ್ನ ಹಾಲಿನ್ಯಾಗ ನೀರು ಕಂಡಿದ್ರ ಮಾರಿ ಮ್ಯಾಲ ಹೇಳಬೇಕಿತ್ತು" ಎಂದಳು. ಹಾಲಿನ ಗಿಂಡಿಯಲ್ಲಿ ಬೆರಳದ್ದಿ ಹೆಬ್ಬೆರಳ ಉಗುರಿನ ಮೇಲೆ ಒಂದು ಹನಿ ಬಿಟ್ಟುಕೊಂಡು, ಉಗುರನ್ನು ಓರೆ ಮಾಡಿ ನನ್ನ ಮುಂದೆ ಹಿಡಿದಳು. ಹನಿ ಜಾರಲಿಲ್ಲ. "ನೋಡು. ನೀರಿದ್ರ ಓಡತಿತ್ತು."

ಆಗಲಾದರೂ ನಿಜ ಹೇಳಬೇಕಿತ್ತು. ನಾನು ಹೇಳಿದ್ದು, "ಇದು ಅಂಗಡಿ ಚಹಾಕ್ಕ, ಯವ್ವಾ."

"ನನ್ನ ಕೇಳಿದ್ರ ನಾನ ಕೊಡ್ತಿದ್ನಲ್ಲೋ" ಎಂದು, ಹಾಲು ಅಳೆದು ಕೊಟ್ಟು ಹೋದಳು.

ಹೆಂಡತಿ ನನ್ನ ಕೈಯಿಂದ ಕ್ಯಾನು ತೆಗೆದುಕೊಂಡು ಮುಚ್ಚಳ ಬಿಚ್ಚಿದಳು. ಒಳಗೆ ಧೂಳು. "ಅಲ್ರೀ, ಇದರಾಗ ಹಾಲು ಬಿದ್ದು ಎಷ್ಟು ವರ್ಷಾತು?" ಎಲ್ಲ ಹೇಳಿದೆ. ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಎರಡು ಮನಿಯವ್ರು ಆಕೀ ಹಾಲು ಬಿಟ್ಟಾರ, ಗೊತ್ತೈತೇನು? ಸಾವ್ಕಾರ್ರ ಬಿಟ್ರು ಅಂದಮ್ಯಾಲ ಏನೋ ಇರಬೇಕು ಅಂತ. ಯಾಕಂತ ನನಗ ಈಗ ತಿಳೀತು" ಎಂದಳು.

ಅಂದು ಅಂಗಡಿ ತೆರೆಯುವ ಮೊದಲೇ ಯವ್ವನ ಮನೆಗೆ ಹೋದೆ. ಎಮ್ಮೆಗೆ ಮೇವು ಹಾಕುತ್ತಿದ್ದಳು. ಕ್ಯಾನು ಖಾಲಿ, ಹೊಟ್ಟೆ ಕರಗಿಸಲು ನಡೆಯುತ್ತಿದ್ದೆ, ಹೇಳಿಕೊಳ್ಳಲು ನಾಚಿಕೆಯಾಯಿತು ಎಂದೆ. ನಕ್ಕಾಳು ಎಂದುಕೊಂಡಿದ್ದೆ. ನಗಲಿಲ್ಲ.

"ನಡಿಯಾಕ ನಾಚಿಗಿ ಬಂತು ನಿನಗ. ಮುಂಜಾನಿ ಸುಳ್ಳು ಹೇಳಾಕ ನಾಚಿಗಿ ಬರಲಿಲ್ಲ" ಎಂದಳು. ಎಮ್ಮೆಯ ಮುಂದೆ ಇನ್ನೊಂದು ಹಿಡಿ ಮೇವು ಹಾಕಿ, "ನನಗ ಹೇಳಿ ಏನು ಮಾಡ್ಲಿ ತಮ್ಮಾ? ಕೇಳಿದವ್ರಿಗೆ ಹೇಳು."

ಮರುದಿನ ಬರಿಗೈಲಿ ಹೊರಟೆ. ಕೈಗಳನ್ನು ಎಲ್ಲಿಡುವುದೆಂದೇ ತಿಳಿಯಲಿಲ್ಲ. ಗಿರಣಿಯ ಮುಂದೆ ನಾಲ್ಕೈದು ಜನ ಚಹಾ ಕುಡಿಯುತ್ತಿದ್ದರು.

"ಯಾಕ್ರಿ ಸಾವ್ಕಾರ್ರ, ಇವತ್ತ ಹಾಲಿಲ್ಲೇನು?"

"ಹಾಲಿಗೆ ನಾ ಎಂದೂ ಹೋಗಿದ್ದಿಲ್ರಿ" ಎಂದೆ. "ಹೊಟ್ಟಿ ಕರಗಸಾಕ ನಡ್ಯಾಕತ್ತೇನಿ. ಕ್ಯಾನು ಖಾಲಿ ಇತ್ತು. ನಮ್ಮನಿಗೆ ಇವತ್ತಿಗೂ ಯವ್ವಂದ ಹಾಲು."

ಅವರಲ್ಲಿ ಒಬ್ಬರು, "ಕರಗಸ್ರಿ, ಕರಗಸ್ರಿ! ಗಾದಿ ಮ್ಯಾಲ ಇನ್ನೊಬ್ರು ಕುಂದ್ರಾಕ ಜಾಗಾ ಆಕ್ಕೈತಿ" ಎಂದರು. ಅವರೆಲ್ಲರ ನಗು ಕೆರೆಯ ದಾರಿಯ ಅರ್ಧದವರೆಗೂ ನನ್ನ ಬೆನ್ನಿಗಿತ್ತು.

ಯವ್ವನ ಹಾಲು ಬಿಟ್ಟ ಎರಡೂ ಮನೆಗಳಿಗೆ ನಾನೇ ಹೋದೆ. ಒಂದು ಮನೆಯವರು ಮರುದಿನವೇ ಅವಳನ್ನು ಕರೆದರು. ಇನ್ನೊಂದು ಮನೆಯ ಸೊಸೆ ನನ್ನನ್ನು ಕುಂದ್ರಿಸಿ, ನೀರು ಕೊಟ್ಟು, ಪೂರಾ ಕೇಳಿಸಿಕೊಂಡು, "ತಪ್ಪು ತಿಳೀಬ್ಯಾಡ್ರಿ ಕಾಕಾರ, ಈಗ ಪಾಕೀಟ್ ಹಾಲು ರೂಢಿ ಆಗೈತ್ರಿ" ಎಂದಳು.

ನಡಿಗೆ ಈಗಲೂ ತಪ್ಪಿಲ್ಲ. ಚೀಟಿ ನೋಡಿ ಡಾಕ್ಟರು ಶಾಭಾಸ್ ಅನ್ನುತ್ತಾರೆ. ಯವ್ವ ನಮ್ಮ ಮನೆಗೆ ಹಾಲು ಹಾಕುತ್ತಾಳೆ, ಮಾತು ಮೊದಲಿನಷ್ಟಿಲ್ಲ. ನನ್ನ ದಾರಿಯಲ್ಲೇ ಇರುವ ಆ ಸೊಸೆಯ ಮನೆಯ ಚಿಲಕದಲ್ಲಿ ಮುಂಜಾನೆ ಪಾಕೀಟಿನ ಚೀಲ ನೇತಾಡುತ್ತಿರುತ್ತದೆ. ಅಲ್ಲಿಗೆ ಬಂದಾಗ ನನ್ನ ಹೆಜ್ಜೆ ತಾನಾಗಿ ಬಿರುಸಾಗುತ್ತದೆ. ನೋಡಿದವರು ವ್ಯಾಯಾಮ ಎಂದುಕೊಳ್ಳುತ್ತಾರೆ.