ಅಜ್ಜ ಕಾಣದ ಬಂದರುಗಳು

ಬೆಳಕು ಹರಿಯುವಷ್ಟರಲ್ಲಿ ಈಕೆ ಅಜ್ಜನ ಮೈ ಒರೆಸಿ, ಅಂಗಿ ಬದಲಿಸಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ್ದಾಳೆ. ತೊಡೆಯ ಮೇಲೆ ಟ್ಯಾಬ್ ಇಟ್ಟು ಕೇಳುತ್ತಾಳೆ: "ಇವತ್ತು ಯಾವ ಊರಿಗೆ ಹೋಗೋಣ ಅಜ್ಜ?" ಪಾರ್ಶ್ವವಾಯುವಿನಿಂದ ತೊದಲುವ ನಾಲಿಗೆಯಲ್ಲಿ ಅಜ್ಜ ಒಂದು ಬಂದರಿನ ಹೆಸರು ಹೇಳುತ್ತಾರೆ. ಪರದೆಯ ಮೇಲೆ ಭೂಮಿ ಗಿರ್ರನೆ ತಿರುಗುತ್ತದೆ.

ಹಾಸಿಗೆ ಹಿಡಿದವರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವುದು ಈಕೆಯ ಕಸುಬು. ಹುಟ್ಟಿದ ಊರು ಬಿಟ್ಟು ಹೊರಗೆ ಕಾಲಿಟ್ಟವಳಲ್ಲ. ಅಜ್ಜನೋ ಅರ್ಧ ಆಯುಷ್ಯ ಹಡಗಿನಲ್ಲಿ ಕಳೆದವರು. ಕತೆ ಕೇಳುವ ಆಸೆಗೆ ಮೊದಲ ವಾರವೇ ಅವರನ್ನು ಕೆದಕಿದ್ದಳಂತೆ.

"ಏನೇನ್ ನೋಡಿದ್ರಿ ಅಂದ್ರೆ, ಎಣ್ಣೆ, ಮೆಷಿನ್ನು ಅಂದ್ರು. ಎಂಜಿನ್ ಕೋಣೇಲಿ ಕೆಲಸ. ಹಡಗು ನಿಂತಾಗ್ಲೇ ರಿಪೇರಿ ಇರ್ತಿತ್ತಂತೆ, ಮೇಲೆ ಹತ್ತೋಕೆ ಪುರುಸೊತ್ತೆಲ್ಲಿ? ಅಷ್ಟೂರು ತಿರುಗಿ ಒಂದೂರೂ ನೋಡಿಲ್ಲ. ನಾನೇ ತೋರಿಸ್ತೀನಿ ಅಂದೆ."

ಮೊಮ್ಮಗಳ ಹಳೆಯ ಟ್ಯಾಬಿನಲ್ಲಿ ಉಪಗ್ರಹ ಚಿತ್ರಗಳ ನಕಾಶೆಯಿತ್ತು. ಬಂದರಿನ ಹೆಸರು ಹಾಕಿ ಹುಡುಕಿದರೆ ಕ್ರೇನುಗಳು, ಗೋದಾಮಿನ ಚಾವಣಿಗಳು, ಇರುವೆಸಾಲಿನಂಥ ಲಾರಿಗಳು. ಇನ್ನೂ ಹತ್ತಿರದಿಂದ ನೋಡಲು ಅಜ್ಜ ಎಡಗೈ ಚಾಚಿದಾಗ ಈಕೆ ತಡೆದಳು. "ಆ ಕೈ ಬೇಡ. ಸ್ವಾಧೀನ ತಪ್ಪಿದ್ಯಲ್ಲ, ಆ ಬಲಗೈಲಿ ಮುಟ್ಟಿದ್ರೇ ಊರು ತೋರಿಸೋದು."

ಸೊಸೆಗೆ ಇದು ಹಿಡಿಸಲಿಲ್ಲ. ಕೈಗೆ ವ್ಯಾಯಾಮ ಮಾಡಿಸುವುದು ಬಿಟ್ಟು ಟ್ಯಾಬ್ ಹಿಡಿದು ಕೂರುತ್ತಾಳೆಂದು ಕೆಲಸ ಬಿಡಿಸುವ ಮಾತೂ ಬಂತು. "ಒಂದ್ಸಲ ಪಕ್ಕದಲ್ಲಿದ್ದು ನೋಡಿ ಅಕ್ಕ. ಆಮೇಲೂ ಹೋಗು ಅಂದ್ರೆ ಹೋಗ್ತೀನಿ" ಎಂದಳು.

ಮರುದಿನ ಸೊಸೆ ಕೈಕಟ್ಟಿ ಬಾಗಿಲಲ್ಲಿ ನಿಂತರು. ಅಜ್ಜನ ಬಲಗೈಯ ಹೆಬ್ಬೆರಳು, ತೋರುಬೆರಳು ಗಾಜಿನ ಮೇಲೆ ನಡುಗುತ್ತ ಕೂತು, ಸ್ವಲ್ಪವೇ ಸ್ವಲ್ಪ ದೂರ ಸರಿದವು. ಬಂದರು ಹಿಗ್ಗಿ ಹತ್ತಿರ ಬಂತು. "ಇಲ್ಲೇ ನಿಂತಿದ್ವಿ. ಎದುರಿಗೇ ಬೆಟ್ಟ ಇತ್ತಾ?" ಎಂದರು ಅಜ್ಜ, ತಮಗೆ ತಾವೇ ಎಂಬಂತೆ. ಸೊಸೆ ಕುರ್ಚಿ ಎಳೆದುಕೊಂಡು ಕೂತರು.

ಈಗ ಅಜ್ಜ ಚಮಚ ತಾವೇ ಹಿಡಿಯುತ್ತಾರೆ. ಈಕೆಯ ಕುತೂಹಲಕ್ಕೆ ಮಾತ್ರ ಬಂದರುಗಳು ಸಾಲುತ್ತಿಲ್ಲ. ಮರಳುಗಾಡಿನ ನಡುವೆ ತಟ್ಟೆ ಜೋಡಿಸಿಟ್ಟಂತೆ ದುಂಡು ದುಂಡು ಹೊಲಗಳನ್ನು ಕಂಡು ತಲೆ ಕೆಡಿಸಿಕೊಂಡಿದ್ದಳು. ನಡುವಿನ ಕಂಬಕ್ಕೆ ಕಟ್ಟಿದ ನೀರಿನ ಕೊಳವೆ ಸುತ್ತುತ್ತ ನೀರು ಚಿಮ್ಮಿಸುತ್ತದೆಂದು ಬಿಡಿಸಿ ಹೇಳಿದವರು ಅಜ್ಜ.

ಸ್ವಂತಕ್ಕೆ ಏನಾದರೂ ಆಸೆಯಿದೆಯೇ ಎಂದು ನಾನು ಕೇಳಿದರೆ, ಒಂದು ಸಲ ಹಡಗು ಹತ್ತಬೇಕು ಎನ್ನುತ್ತಾಳೆ.

"ಸಮುದ್ರ ನೋಡೋಕಾ?"

"ಸಮುದ್ರ ಇದ್ರಲ್ಲೇ ಕಾಣತ್ತೆ. ಮೇಲಿಂದ ತೆಗೆದ ಚಿತ್ರ ಅಲ್ವಾ, ಎಂಜಿನ್ ಕೋಣೆ ಕಾಣಲ್ಲ. ಅಜ್ಜ ಇದ್ದ ಜಾಗ ಹೆಂಗಿರತ್ತೆ ಅಂತ ಇಳಿದು ನೋಡ್ಬೇಕು."