ಉಗುರಿನ ಗೀರು

ಸರ್ ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳಿಗಿಂತ ಉದ್ದವಾಗಿತ್ತು, ನಶ್ಯದಿಂದ ಹಳದಿಯಾಗಿತ್ತು. ಕರಡು ಓದುವಾಗ ಅವರು ಪೆನ್ನು ಹಿಡಿಯುತ್ತಿರಲಿಲ್ಲ. ಮಾತಿನ ಕೆಳಗೆ ಆ ಉಗುರನ್ನು ಒತ್ತಿ ಎಳೆಯುತ್ತಿದ್ದರು. ಕಾಗದ ಹರಿಯುತ್ತಿರಲಿಲ್ಲ, ಒಂದು ಗೀರು ಉಳಿಯುತ್ತಿತ್ತು, ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವಂಥದ್ದು. ತಪ್ಪಿಗೆ ಬಾಯಲ್ಲೇ ಬೈಯುತ್ತಿದ್ದರು. ಗೀರು ಇದ್ದದ್ದು ಸುಳ್ಳಿಗೆ. ಬರೆದವರಿಗೇ ಸುಳ್ಳೆಂದು ಗೊತ್ತಿರುವ ಮಾತಿಗೆ. ಗೀರು ಬಿದ್ದ ಮಾತು ಪುಸ್ತಕಕ್ಕೆ ಹೋಗಬಾರದು.

ಪಿಎಚ್.ಡಿ.ಗೆ ಸೇರಿದ ವರ್ಷ ತುಮಕೂರಿನ ಸದಾಶಿವನಗರದ ಅವರ ಮನೆಗೆ ಹೋಗಲು ಶುರುಮಾಡಿದೆ. ಅವರು ಮಾಡಿಕೊಂಡು ಬಂದ ರೆಕಾರ್ಡಿಂಗ್‌ಗಳನ್ನು ಕೇಳಿ ಬರೆದುಕೊಡುವುದು ನನ್ನ ಕೆಲಸ. ಇತಿಹಾಸ, ವಿಮರ್ಶೆ, ಕಾದಂಬರಿ ಮೂರನ್ನೂ ಬರೆದವರು, ಮೂರರಲ್ಲೂ ಜನರನ್ನು ಕಳೆದುಕೊಂಡವರು. ಒಮ್ಮೆ ಅವರನ್ನು ಯಾರದೋ ಪುಸ್ತಕ ಬಿಡುಗಡೆಗೆ ಕರೆದಿದ್ದರು. ಲೇಖಕನ ತಾಯಿ ಮೊದಲ ಸಾಲಿನಲ್ಲಿ ಕೂತಿರುವಂತೆಯೇ ಆ ಪುಸ್ತಕದ ತಪ್ಪುಗಳನ್ನು ಪುಟಸಂಖ್ಯೆ ಸಮೇತ ಓದಿದರು. ಆಮೇಲೆ ಶಾಲು ಹೊದಿಸಿಕೊಂಡು ಬಂದರು. ಮನೆಗೆ ಬಂದವರಿಗೆ ಕಾಫಿ ಕೊಡುತ್ತಾ ಅವರ ಹೆಂಡತಿ ನಗುತ್ತಲೇ ಎಚ್ಚರಿಸುತ್ತಿದ್ದರು: "ನೋಡ್ಕೊಂಡು ಮಾತಾಡ್ರಪ್ಪ, ಇವರು ಎಲ್ಲಿ ಬರೆದುಬಿಡ್ತಾರೋ."

ಆಗ ಅವರು ಜಿಲ್ಲೆಯ ಕುಡಿಯುವ ನೀರಿನ ಚರಿತ್ರೆ ಬರೆಯುತ್ತಿದ್ದರು. ಯಾವ ಬಾವಿಯ ನೀರನ್ನು ಯಾರು ಸೇದಬಹುದಿತ್ತು, ಯಾರು ಸೇದಬಾರದಿತ್ತು ಎಂಬುದೇ ವಿಷಯ. ಗುಬ್ಬಿ ತಾಲ್ಲೂಕಿನ ಹಳೆಯ ಜನ ಬೇಕಾದಾಗ ನಿಟ್ಟೂರಿನಾಚೆಯ ನಮ್ಮಜ್ಜಿಯ ಊರಿಗೆ ಅವರನ್ನು ನಾನೇ ಕರೆದುಕೊಂಡು ಹೋದೆ. ಜಂಬದಿಂದಲೇ ಹೋದೆ. ಅಜ್ಜಿ ಮುದ್ದೆ, ಉಪ್ಸಾರು ಬಡಿಸಿದಳು. ಸರ್ "ಅವ್ವಾ" ಎಂದು ಕರೆದು ಎರಡನೆಯ ಮುದ್ದೆ ಹಾಕಿಸಿಕೊಂಡರು. ಅಷ್ಟಕ್ಕೇ ಅಜ್ಜಿ ಯಾರಿಗೂ ಹೇಳದ್ದನ್ನು ಹೇಳಿಬಿಟ್ಟಳು. ಅವಳು ಸೊಸೆಯಾಗಿ ಬಂದ ಬೇಸಿಗೆಯಲ್ಲಿ ದಲಿತರ ಕೇರಿಯವರು ತಾವೇ ಒಂದು ಬಾವಿ ತೋಡಿಕೊಂಡಿದ್ದರಂತೆ. ಊರಿನವರಿಗೆ ಅದನ್ನು ಸಹಿಸಲಾಗಲಿಲ್ಲ.

"ಕೇರಿಯೋರೆಲ್ಲ ಹೊಲದಾಗಿದ್ರು. ನಮ್ ಮಾವ ಸೀಮೆಎಣ್ಣೆ ಡಬ್ಬ ಕೈಗೆ ಕೊಟ್ರು, ನಾನೇ ಹೋಗಿ ಬಾವಿಗೆ ಸುರ್ದೆ ಕಣಪ್ಪ. ಮದ್ವೆಯಾಗಿ ಎಲ್ಡು ತಿಂಗ್ಳಾಗಿತ್ತು, ಇಲ್ಲ ಅನ್ನಕ್ಕಾಯ್ತದಾ?"

ಅದನ್ನು ಕೇಳಿ ಬರೆದವಳೂ ನಾನೇ. ಸರ್ ಅವರ ಪುಸ್ತಕಗಳಲ್ಲಿ ಪ್ರತಿ ಹೇಳಿಕೆಯ ಅಡಿಯಲ್ಲೂ ಹೇಳಿದವರ ಹೆಸರು, ಊರು, ವಯಸ್ಸು ಇರಲೇಬೇಕು. ಈ ಒಂದು ಕಡೆ ಹೆಸರು ಬೇಡ, 'ಊರಿನ ಹಿರಿಯ ಹೆಂಗಸೊಬ್ಬರು' ಎಂದು ಹಾಕೋಣ ಎಂದು ಕೇಳಿಕೊಂಡೆ.

"ನಿಮ್ಮಜ್ಜಿ ಅಂತ ಬಿಟ್ರೆ, ಇನ್ನೊಬ್ಬರ ಅಜ್ಜಿ ಹೆಸರು ಹಾಕೋಕೆ ನಂಗೇನ್ ಹಕ್ಕಿದೆ?" ಎಂದರು. ನನ್ನ ಮುಖ ನೋಡಿ, "ಅಳೋದಾದ್ರೆ ಹಿತ್ತಲಿಗೆ ಹೋಗಿ ಅತ್ಕೊಂಡು ಬಾಮ್ಮ. ಇನ್ನೂ ಮೂರು ರೆಕಾರ್ಡಿಂಗ್ ಬಾಕಿ ಇದೆ" ಎಂದರು.

ನಾನು ಅಳಲಿಲ್ಲ. ಮೂರನ್ನೂ ಅಂದೇ ಮುಗಿಸಿಕೊಟ್ಟೆ.

ಪುಸ್ತಕ ಬಂತು. ಊರಿನ ಯಾರೋ ಆ ಪುಟದ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು. ಕೇರಿಯ ಹೆಂಗಸೊಬ್ಬಳು ನಲವತ್ತು ವರ್ಷಗಳಿಂದ ಅಜ್ಜಿಯ ಜಗಲಿಗೆ ಹುಣಸೆಹಣ್ಣು ಕುಟ್ಟಲು ಬರುತ್ತಿದ್ದಳು. ಮಧ್ಯಾಹ್ನವೆಲ್ಲ ಇಬ್ಬರೂ ಎದುರುಬದುರು ಕೂತು ಬೀಜ ಬಿಡಿಸುತ್ತಾ, ತಮ್ಮ ತಮ್ಮ ಸೊಸೆಯಂದಿರನ್ನು ಬೈಯುತ್ತಾ ಕಾಲ ಕಳೆಯುತ್ತಿದ್ದರು. ಅಜ್ಜಿಗೆ ಉಳಿದಿದ್ದ ಗೆಳತಿ ಅವಳೊಬ್ಬಳೇ. ಅಂದು ಅವಳು ಕೂರಲಿಲ್ಲ.

"ಆ ನೀರು ಕುಡ್ದು ನಮ್ ತಮ್ಮ ಮೂರು ದಿನ ವಾಂತಿ ಮಾಡ್ಕಂಡಿದ್ದ ಕಣವ್ವ. ನೀನಾ ಅದು?"

ಅಷ್ಟು ಕೇಳಿ, ಮೂಲೆಯಲ್ಲಿಟ್ಟಿದ್ದ ಹುಣಸೆ ಕುಟ್ಟುವ ತನ್ನ ಕೊಡತಿಯನ್ನು ಎತ್ತಿಕೊಂಡು ಹೋದಳಂತೆ. ಮತ್ತೆ ಬರಲಿಲ್ಲ. ನಾನು ಹೋದಾಗ ಅಜ್ಜಿ ನನ್ನನ್ನು ಬೈಯಲಿಲ್ಲ. ಆವಯ್ಯ ಇನ್ನೊಂದು ಮುದ್ದೆ ಕೇಳಿದಾಗಲೇ ತನಗೆ ತಿಳಿಯಬೇಕಿತ್ತು ಎಂದಳು, ಅಷ್ಟೇ.

ಇದನ್ನೆಲ್ಲ ಸರ್‌ಗೆ ಹೇಳಿದೆ. "ಅವಳು ಹೋಗಿದ್ದು ಸರಿ" ಎಂದರು. ಅದು ಸರಿಯೆಂದು ನನಗೂ ಗೊತ್ತಿತ್ತು. ಆದರೂ ಅವರು ಅದನ್ನು ನಶ್ಯ ಏರಿಸುತ್ತಾ ಹೇಳಬಾರದಿತ್ತು.

ಎರಡು ವರ್ಷದ ನಂತರ ಅವರಿಗೆ ಕಾಯಿಲೆ ಬಂತು. ಆತ್ಮಕಥೆಯನ್ನು ಅದೇ ರೆಕಾರ್ಡರಿಗೆ ಹೇಳತೊಡಗಿದರು, ನಾನು ಬರೆಯತೊಡಗಿದೆ. ಒಂದು ದಿನ ಕುಣಿಗಲ್ಲಿನ ತಮ್ಮ ಮನೆಯ ಹಬ್ಬದೂಟದ ಬಗ್ಗೆ ಹೇಳಿದರು. ಜೊತೆಯಲ್ಲಿ ಓದುತ್ತಿದ್ದ ದಲಿತ ಗೆಳೆಯನನ್ನು ಊಟಕ್ಕೆ ಕರೆದಿದ್ದರು. ತಾಯಿ ಅವನಿಗೆ ಜಗಲಿಯಲ್ಲಿ ಎಲೆ ಹಾಕಿದರು. ಇವರು ಒಳಗೆ ಕೂತು ಒಬ್ಬಟ್ಟು ತಿಂದರು. 'ಅವನು ಎಲೆ ಎತ್ತಿ, ಕೂತ ಜಾಗವನ್ನು ತಾನೇ ತೊಳೆದು ಹೋದದ್ದನ್ನು ನಾನು ಗಮನಿಸಲಿಲ್ಲ.' ಆ ಗೆಳೆಯ ಮತ್ತೆ ಇವರ ಜೊತೆ ಮಾತಾಡಲಿಲ್ಲ. ಇದೇ ಪ್ರಸಂಗ ಅವರ ಹೆಸರಾಂತ ಕಾದಂಬರಿಯಲ್ಲಿದೆ. ಅಲ್ಲಿ ಒಳಗೆ ಕೂತು ತಿನ್ನುವವನು ಒಬ್ಬ ನೀಚ ಜಮೀನ್ದಾರನ ಮಗ.

ಮೂರು ದಿನ ಬಿಟ್ಟು ಆಸ್ಪತ್ರೆಯ ಹಾಸಿಗೆಯಿಂದ, "ಆ ಒಬ್ಬಟ್ಟಿನ ಪುಟ ತೆಗ್ದುಬಿಡಮ್ಮ. ನಾನು ಹೋದ್ಮೇಲೆ ಇವಳು ಓದ್ತಾಳೆ" ಎಂದರು. ಹೆಂಡತಿ ಹೊರಗೆ ಔಷಧಿ ತರಲು ಹೋಗಿದ್ದರು.

"ನಿಮ್ಮದು ಅಂತ ಬಿಟ್ರೆ, ನಮ್ಮಜ್ಜಿ ಹೆಸರು ಹಾಕೋಕೆ ನಿಮಗೇನು ಹಕ್ಕಿತ್ತು ಸಾರ್?"

"ಸೇಡಾ?" ಎಂದರು.

"ಸೇಡಲ್ಲ ಸಾರ್."

"ಪುಟ ಇಲ್ಲೇ ಇಟ್ಟು ಹೋಗು" ಎಂದರು. ಆಮೇಲೆ, "ನಿಮ್ಮಜ್ಜಿಗಿಂತ ನಾನೇ ಪುಕ್ಕಲ ಕಣಮ್ಮ" ಎಂದರು. ನನ್ನ ಜೊತೆ ಅವರು ಆಡಿದ ಕೊನೆಯ ಮಾತು ಅದು. ಆ ವಾರವೇ ತೀರಿಕೊಂಡರು.

ತಿಥಿ ಮುಗಿದ ಮೇಲೆ ಅವರ ಹೆಂಡತಿ ಆ ಪುಟವನ್ನು ನನ್ನ ಕೈಗಿಟ್ಟರು. ಹರಿದಿರಲಿಲ್ಲ, ಒಂದು ಅಕ್ಷರವನ್ನೂ ಹೊಡೆದುಹಾಕಿರಲಿಲ್ಲ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. 'ಗಮನಿಸಲಿಲ್ಲ' ಎಂಬುದರ ಕೆಳಗೆ ಗೀರು ಇತ್ತು, ಆಳವಾಗಿ. ಆ ಮಾತನ್ನು ತೆಗೆದು 'ನೋಡಿದೆ' ಎಂದು ತಿದ್ದಿದೆ. ಪುಟದಡಿಯಲ್ಲಿ ಅವರ ಹೆಸರು, ಊರು, ವಯಸ್ಸು ಹಾಕಿದೆ. ಪುಸ್ತಕ ಅಚ್ಚಾದ ಮೇಲೆ ಅವರ ಹೆಂಡತಿ ನನ್ನ ಫೋನು ಎತ್ತುತ್ತಿಲ್ಲ.

ಅಜ್ಜಿಗೆ ಆ ಪುಟವನ್ನು ಓದಿ ಹೇಳಿದೆ. "ಆವಯ್ಯನೂ ಅಷ್ಟೇಯಾ" ಎಂದು ಮತ್ತೆ ಹುಣಸೆಹಣ್ಣು ಕುಟ್ಟತೊಡಗಿದಳು. ಎದುರಿನ ಜಾಗ ಖಾಲಿಯೇ ಇತ್ತು.

ಈ ಬರಹದ ಕರಡನ್ನು ನಿನ್ನೆ ಅವರ ಹಾಗೆಯೇ, ಪೆನ್ನಿಲ್ಲದೆ ಓದಿದೆ. ಒಂದೇ ಕಡೆ ನನ್ನ ಉಗುರು ನಿಂತಿತು, 'ಸೇಡಲ್ಲ ಸಾರ್' ಎಂಬಲ್ಲಿ.