“ಸೀರಿಯಸ್” ಎಂದು ಹೇಳಲು ಒಪ್ಪದ ನಮ್ಮ ಸರೋಜಕ್ಕ

ರಾತ್ರಿ ಒಂದೂವರೆ.
ಸ್ಟೀಲ್ ತಟ್ಟೆಯ ಮೇಲಿಟ್ಟಿದ್ದ ಫೋನ್ ಗುರ್ರೆಂದು ಅದುರಿತು...
ಆಗಷ್ಟೇ ಮಲಗಿದ್ದ ಮಗು ಬೆಚ್ಚಿಬಿತ್ತು. ಅದಕ್ಕಿಂತ ಮೊದಲು ನಾನು ಬೆಚ್ಚಿದ್ದೆ.

ಮಿಡಿಗೇಶಿಯಿಂದ ನಾಗರಾಜ. ಸರೋಜಕ್ಕನ ಚಿಕ್ಕಪ್ಪನ ಮಗ.
“ಅಕ್ಕಂಗೆ ಒಸಿ ಸೀರಿಯಸ್ಸು ಕಣಮ್ಮ... ಬೆಳಿಗ್ಗೆ ಬಂದ್ಬುಡು” ಎಂದ.

ನಮ್ಮ ಕಡೆ ಸಾವನ್ನು ಹೀಗೇ ಹೇಳುವುದು. ನಿಜಕ್ಕೂ ಸೀರಿಯಸ್ ಆಗಿದ್ದರೂ ಇದೇ ಮಾತು.
“ಇದಾಳಾ, ಇಲ್ವಾ? ನೆಟ್ಟಗೆ ಹೇಳು ನಾಗಣ್ಣ” ಎಂದೆ.
“ಇಲ್ಲ ಕಣಮ್ಮ.”

ನಂಬಲು ಆಗುತ್ತಿಲ್ಲ ಫ್ರೆಂಡ್ಸ್...
ಸಂಜೆಯಷ್ಟೇ ನಮ್ಮ ಫ್ಯಾಕ್ಟರಿ ಗ್ರೂಪಿನಲ್ಲಿ ಅವಳ ಮೆಸೇಜ್ ಇದೆ.
“ನಾಳೆ ದೊಡ್ಡೇರಿ ಕಡೆಯ ವ್ಯಾನ್ ಅರ್ಧ ಗಂಟೆ ಲೇಟ್. ಆ ವ್ಯಾನಿನವರಿಗೆ ಸಂಬಳ ಕಟ್ ಇಲ್ಲ. ತಿಂಡಿ ತಿಂದೇ ಬನ್ನಿ. – ಸರೋಜ.”
ಇದನ್ನು ಕಳಿಸಿದ ಮೇಲೆ ಎದೆನೋವು ಎಂದಳಂತೆ. ತುಮಕೂರಿಗೆ ಕರೆದೊಯ್ಯುವಾಗ ಕೊರಟಗೆರೆ ದಾಟುವಷ್ಟರಲ್ಲಿ ಹೋಗಿಬಿಟ್ಟಳು...

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಧುಗಿರಿಯ ನಮ್ಮ ಗಾರ್ಮೆಂಟ್ಸ್ ಆಫೀಸಿನಲ್ಲಿ ನೋಟಿಸ್ ಬರೆಯುತ್ತಿದ್ದವಳು ಅವಳು. ನನ್ನ ಟೇಬಲ್ಲು ಅವಳ ಪಕ್ಕದಲ್ಲೇ.
ಮೇಲಿನಿಂದ ಸರ್ಕ್ಯುಲರ್ ಬರುತ್ತಿತ್ತು... “ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ”...
ಅಕ್ಕ ಅದನ್ನು ಓದಿ ನನ್ನ ಕಡೆ ತಿರುಗಿ, “ಇಷ್ಟುದ್ದ ದಾರಿ ನಡುಸ್ಬುಟ್ಟು ಮನೆ ಬಾಗಿಲೇ ತೋರಿಸ್ಲಿಲ್ವಲ್ಲೇ ಇವ್ನು” ಎನ್ನುತ್ತಿದ್ದಳು.

ಒಂದು ಹೊಲಿಗೆ ಲೈನ್ ಮುಚ್ಚಿದ ದಿನವನ್ನು ನಾನು ಮರೆಯುವಂತಿಲ್ಲ.
ಮ್ಯಾನೇಜರ್ ಕೊಟ್ಟ ಡ್ರಾಫ್ಟಿನಲ್ಲಿ “ಉತ್ಪಾದನಾ ಘಟಕದ ಪುನರ್‌ವ್ಯವಸ್ಥೆ” ಎಂದಿತ್ತು.
ಅಕ್ಕ ಬರೆದಳು...
“ಎರಡನೇ ಲೈನ್ ಈ ತಿಂಗಳ ಕೊನೆಗೆ ಮುಚ್ಚುತ್ತದೆ. ಆ ಲೈನಿನವರಿಗೆ ಮುಂದೆ ಇಲ್ಲಿ ಕೆಲಸ ಇಲ್ಲ. ತಪ್ಪು ನಿಮ್ಮದಲ್ಲ, ಆರ್ಡರ್ ಬಂದಿಲ್ಲ. ಬರಬೇಕಾದ್ದನ್ನೆಲ್ಲ ಕೊಡಿಸುವವರೆಗೆ ನಾನು ಇಲ್ಲೇ ಕೂತಿರುತ್ತೇನೆ. ಬಂದು ಕೇಳಿ. – ಸರೋಜ.”
ಇಷ್ಟು ಒರಟಾಗಿ ಬರೆದರೆ ಗಲಾಟೆಯಾಗುತ್ತದೆ, ಹೆಸರು ಬೇರೆ ಯಾಕೆ ಹಾಕಿದಿರಿ ಎಂದು ಮ್ಯಾನೇಜರ್ ರೇಗಿದರು. ಹೆಸರಿಲ್ಲದ ಕಾಗದವನ್ನು ಯಾರು ತಾನೇ ನಂಬುತ್ತಾರೆ ಸಾರ್ ಎಂದಳು. ತೆಗೆಯಲಿಲ್ಲ.

ಗಲಾಟೆ ಆಗಲಿಲ್ಲ...
ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಟೇಬಲ್ಲಿನ ಸುತ್ತ ನೆಲದ ಮೇಲೆ ಕೂತರು. ಅತ್ತರು. ಯಾರೋ ಟೀ ತರಿಸಿದರು. ಸಿರಾ ಕಡೆಯ ಒಬ್ಬ ಹೆಂಗಸು ಎದ್ದು ಹೋಗುವಾಗ ಹೇಳಿದ್ದು ಈಗಲೂ ಕಿವಿಯಲ್ಲಿದೆ.
“ಕೆಲ್ಸ ಓದ್ರೆ ಓಯ್ತು ಬುಡಕ್ಕ. ನಮ್ಮುನ್ನೂ ಮನುಷ್ರು ಅಂತ ಹೇಳ್ದಲ್ಲ.”
ನೋಟಿಸ್, ಪತ್ರ ಬರೆಯುವುದನ್ನೇ ನಾನು ಡಿಗ್ರಿಯಲ್ಲಿ ಒಂದು ಪೇಪರ್ ಆಗಿ ಓದಿದ್ದೆ. ಬರವಣಿಗೆ ಇಷ್ಟು ಕೆಲಸ ಮಾಡುತ್ತದೆ ಎಂದು ಅವತ್ತು ಕಣ್ಣಾರೆ ಕಂಡೆ...

ಅಕ್ಕಾ...
ಮಗುವಿಗೆ ಜ್ವರ ಬಂದ ದಿನ ನಾನು ರಜೆ ಕೇಳಿ ಒಂದು ಪುಟ ಕ್ಷಮೆ ಟೈಪ್ ಮಾಡಿದ್ದೆ. ನೀನು ಉತ್ತರ ಬರೆದೆ. “ಬರಬೇಡ. ಮಗು ಹತ್ತಿರ ಇರು. ನಿನ್ನ ಕೆಲಸ ನಾನು ಮಾಡುತ್ತೇನೆ.”
ಈಗ ಇದೇ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಿನ್ನ ಬಗ್ಗೆ ಬರೆಯುತ್ತಿದ್ದೇನೆ...

ಕೆಲಸಕ್ಕೆ ಬರುವ ಯಾವ ಹುಡುಗಿಯ ಮನೆಯಲ್ಲಿ ಸಾವಾದರೂ ಆಫೀಸಿಗೆ ಫೋನ್ ಬರುತ್ತಿತ್ತು. ಸೀರಿಯಸ್ ಅಂತಷ್ಟೇ ಹೇಳಿ ಕಳಿಸಿಬಿಡಿ ಮೇಡಂ ಎನ್ನುತ್ತಿದ್ದರು. ನೀನು ಒಪ್ಪುತ್ತಿರಲಿಲ್ಲ. ಆ ಹುಡುಗಿಯನ್ನು ಒಳಗೆ ಕರೆದು, ಕೈ ಹಿಡಿದು, ಇರುವುದನ್ನು ಇದ್ದ ಹಾಗೆ ಹೇಳಿ, ಬಸ್ಸಿನವರೆಗೆ ಜೊತೆಗೆ ಹೋಗುತ್ತಿದ್ದೆ.
ಯಾಕೆ ಅಂತ ನೀನು ಒಂದೇ ಸಲ ಹೇಳಿದ್ದೆ...
ನಿಮ್ಮಪ್ಪ ಹೋದಾಗ ನಿನಗೂ ಸೀರಿಯಸ್ ಎಂದೇ ಹೇಳಿದ್ದರು. ಕಾಯಿಲೆಯವರನ್ನು ಬರಿಗೈಯಲ್ಲಿ ನೋಡಬಾರದು ಎಂದು, ಬೇರೆ ಊರಿನಿಂದ ಬರುತ್ತಿದ್ದ ನೀನು ಮಧುಗಿರಿ ಸ್ಟ್ಯಾಂಡಿನಲ್ಲಿ ಇಳಿದು, ಮೋಸಂಬಿ ಆರಿಸಿ, ಮುಂದಿನ ಬಸ್ಸಿಗೆ ಹೋದೆ. ಅಪ್ಪನನ್ನು ಮಣ್ಣು ಮಾಡಿ ವಾಪಸ್ ಬರುತ್ತಿದ್ದವರು ಊರ ಬಾಗಿಲಲ್ಲೇ ಎದುರಾದರು... ನಿನ್ನ ಕೈಯಲ್ಲಿ ಹಣ್ಣಿನ ಚೀಲ.

ಫ್ರೆಂಡ್ಸ್, ಈಗ ಓದಿ. ದಯವಿಟ್ಟು.
ಅಕ್ಕನಿಗೆ ಮದುವೆಯಾಗಿರಲಿಲ್ಲ. ಇರುವವನು ಒಬ್ಬನೇ ತಮ್ಮ, ಈರಣ್ಣ. ಕುರಿ ಮಂದೆ ಹೊಡೆದುಕೊಂಡು ಪಾವಗಡ ದಾಟಿ ಆಂಧ್ರ ಗಡಿಯ ಹತ್ತಿರ ಎಲ್ಲೋ ಹೊಲದಲ್ಲಿದ್ದಾನೆ.
ಅಡವಿಯಲ್ಲಿ ಒಬ್ಬನೇ ಇದ್ದಾನೆ, ಎದೆ ಒಡೆದುಕೊಂಡಾನು ಎಂದು ಹೆದರಿ ನಾಗರಾಜ ಅವನಿಗೂ ಸೀರಿಯಸ್ ಎಂದೇ ಹೇಳಿದ್ದಾನೆ. ಪಾಪ, ಅವನನ್ನು ಬೈಯಬೇಡಿ.
ಈರಣ್ಣನ ವಾಯ್ಸ್ ಮೆಸೇಜನ್ನು ನಾಗರಾಜ ನನಗೆ ಕಳಿಸಿದ. ಹಿಂದೆ ಕುರಿ ಸದ್ದು...
“ಕುರಿ ಯಾರ್ಗಾನ ಒಪ್ಸಿ ನಾಳಿದ್ದು ಬತ್ತೀನಿ ಅನ್ನು. ಅಕ್ಕ ಏನ್ ತಿಂತಾಳೆ ಕೇಳು... ಅಣ್ಣು ತತ್ತೀನಿ.”
ಆಮೇಲೆ ಈರಣ್ಣನ ಫೋನ್ ಸ್ವಿಚ್ ಆಫ್.

ನಾಳಿದ್ದು ಬಂದರೆ ಅವನಿಗೂ ಕೊನೆಯ ಸಲ ಮುಖ ನೋಡಲು ಸಿಗುವುದಿಲ್ಲ. ಬೆಳಕು ಹರಿದರೆ ಮಂದೆ ಎಬ್ಬಿಸಿ ಮುಂದಿನ ಊರಿಗೆ ಹೋಗಿಬಿಡುತ್ತಾನೆ, ಆಮೇಲೆ ಎಲ್ಲಿ ಹುಡುಕುವುದು...
ಪಾವಗಡ ಕಡೆಯವರು ಯಾರಿದ್ದೀರಿ? ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸಿಕೊಂಡಿರುವ ರೈತರು ಗೊತ್ತಿದ್ದರೆ ಈಗಲೇ ಎಬ್ಬಿಸಿ ಕೇಳಿ, ಕುರಿ ಕಾಯಲು ಒಬ್ಬರನ್ನು ಕಳಿಸಿ. ತೆಲುಗಿನಲ್ಲಾದರೂ ಸರಿ, ಕೆಳಗಿರುವುದನ್ನೇ ಹೇಳಿ. ಮೆದು ಮಾಡಬೇಡಿ.

“ಈರಣ್ಣ, ನಿನ್ನ ಅಕ್ಕ ಸರೋಜ ತೀರಿಕೊಂಡಳು. ಮಣ್ಣು ಇವತ್ತು ಮಧ್ಯಾಹ್ನ, ಮಿಡಿಗೇಶಿಯಲ್ಲಿ. ಕುರಿ ನೋಡಿಕೊಳ್ಳಲು ಜನ ಬರುತ್ತಾರೆ. ನೀನು ಈಗಲೇ ಹೊರಡು. ಹಣ್ಣು ತರಬೇಡ. – ಶ್ವೇತಾ, ಅಕ್ಕನ ಪಕ್ಕದ ಟೇಬಲ್ಲಿನವಳು.”

ಹೋಗಿ ಬಾ ಅಕ್ಕ... ತಮ್ಮನ ಕೈಯ ಹಿಡಿ ಮಣ್ಣು ಬಿದ್ದ ಮೇಲೆ ನಿನ್ನ ಜೀವ ತಣ್ಣಗಿರಲಿ.

ಲೈಕ್ ಬೇಡ, ಕೈಮುಗಿದ ಇಮೋಜಿ ಬೇಡ. ನನ್ನ ನಂಬರ್ ನಿಮ್ಮ ಹತ್ತಿರ ಇದೆ. ನಾನು ಮಲಗಿಲ್ಲ, ಮಗುವೂ ಮಲಗಿಲ್ಲ.
ಈರಣ್ಣ ಸಿಕ್ಕಿದರೂ ಮಾಡಿ, ಸಿಗದಿದ್ದರೂ ಮಾಡಿ...
ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿ.